ಒಂದೇ ಊರಿನಲ್ಲಿ ಎರಡು ವರ್ಷ, ಮುಖ ನೋಡದೆ

ಪ್ರಿಯ ಸಹೋದರರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಮೂರು ವಾರವಾಯಿತು. ಎರಡು ಸಲ ಉತ್ತರ ಬರೆಯಲು ಕೂತೆ. ಎರಡು ಸಲವೂ ಉಪದೇಶದ ಧಾಟಿಗೆ ಇಳಿಯುತ್ತಿದ್ದೇನೆ ಅನಿಸಿ ನಿಲ್ಲಿಸಿದೆ. ನಿಮಗೆ ಬುದ್ಧಿ ಹೇಳಿದವರು ಆಗಲೇ ಬೇಕಾದಷ್ಟು ಜನ ಇದ್ದಾರೆ ಎಂದು ಪತ್ರ ಓದಿದರೇ ಗೊತ್ತಾಗುತ್ತದೆ.

ಹೆಸರು ಹಾಕದೆ ಪ್ರಕಟಿಸಬಹುದು ಎಂದು ನೀವೇ ಬರೆದಿರುವುದರಿಂದ, ಬೇರೆ ಓದುಗರಿಗಾಗಿ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಮಗನಿಗೆ 17 ವರ್ಷ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಇನ್ನು ಮುಂದೆ ಆರಾಧನೆಗೆ ಬರುವುದಿಲ್ಲ ಎಂದ. ನೀವು ಕೆನ್ನೆಗೆ ಹೊಡೆದಿರಿ. ಅವನು ಅಳಲಿಲ್ಲ. "ನೀವು ಸಭೆಯಲ್ಲಿ ಒಬ್ಬರು, ಮನೆಯಲ್ಲಿ ಇನ್ನೊಬ್ಬರು" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದಿನಿಂದ ನಿಮ್ಮಿಬ್ಬರ ನಡುವೆ ಮಾತಿಲ್ಲ. ಫೀಸು, ಪುಸ್ತಕ ಎಲ್ಲವೂ ಅವನ ಅಮ್ಮನ ಮೂಲಕ. ನೀವು ಒಳಗೆ ಬಂದರೆ ಅವನು ಎದ್ದು ಹೋಗುತ್ತಾನೆ.

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಸಂಡೇ ಸ್ಕೂಲು, ಕುಟುಂಬ ಪ್ರಾರ್ಥನೆ, ಬಾಯಿಪಾಠದ ವಾಕ್ಯ, ಯಾವುದನ್ನೂ ಬಿಡದೆ ಮಾಡಿಸಿದೆ, ಎಲ್ಲಿ ತಪ್ಪಿದೆ? ಹೆಂಡತಿ "ನೀವೇ ಮೊದಲು ಮಾತಾಡಿ" ಅನ್ನುತ್ತಾಳೆ, ಆದರೆ ಅಪ್ಪನಾದವನು ಮಗನ ಹತ್ತಿರ ಕ್ಷಮೆ ಕೇಳಿದರೆ ಮರ್ಯಾದೆ ಉಳಿಯುತ್ತದಾ? ನನ್ನ ಅಪ್ಪ ಕೈ ಎತ್ತುವ ಮನುಷ್ಯ, ಹಾಗಾಗಬಾರದು ಅಂತಲೇ ಬೆಳೆದೆ, ಈ ಸಿಟ್ಟು ರಕ್ತದಲ್ಲೇ ಬಂದಿದೆಯಾ?

ಇದೇ ಕ್ರಮದಲ್ಲಿ ನಾನು ಉತ್ತರಿಸುವುದಿಲ್ಲ. ನಿಮ್ಮ ಎರಡನೇ ಪುಟದಲ್ಲಿ ಒಂದು ಸಾಲಿದೆ. "ಹೇಗಿದ್ದರೂ ಮನೆಯಲ್ಲೇ ಇದ್ದಾನಲ್ಲ, ಅಷ್ಟೇ ಸಮಾಧಾನ." ನಾನು ತಡೆದು ನಿಂತದ್ದು ಅಲ್ಲಿ.

ಅಬ್ಷಾಲೋಮನೂ ಯೆರೂಸಲೇಮಿನಲ್ಲೇ ಇದ್ದ.

ದಾವೀದ ರಾಜ ಮತ್ತು ಅವನ ಮಗ ಅಬ್ಷಾಲೋಮನ ಆ ಕಥೆ ನಿಮಗೆ ಗೊತ್ತು. ಆದರೂ 2 ಸಮುವೇಲ 13ರಿಂದ 18ರವರೆಗೆ ಒಮ್ಮೆ ರಾಜನ ಕಥೆ ಅಂತ ಅಲ್ಲ, ಒಬ್ಬ ಅಪ್ಪನ ಕಥೆ ಅಂತ ಓದಿ. ದಾವೀದನ ಮಗ ಅಮ್ನೋನನು ತಾಮಾರಳನ್ನು ಕೆಡಿಸುತ್ತಾನೆ. ಅವಳು ಅಬ್ಷಾಲೋಮನ ತಂಗಿ, ದಾವೀದನ ಸ್ವಂತ ಮಗಳು. ದಾವೀದನಿಗೆ ಬಹಳ ಸಿಟ್ಟು ಬಂತು ಎಂದು ಸತ್ಯವೇದ ಹೇಳುತ್ತದೆ. ಅಷ್ಟೇ. ಸಿಟ್ಟು ಬಂದದ್ದು ಬಿಟ್ಟರೆ ಅವನು ಏನು ಮಾಡಿದ ಅಂತ ಒಂದು ಮಾತೂ ಇಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡ ಅಂತ ಇಲ್ಲ. ಮಗನನ್ನು ಕರೆಸಿ ಕೇಳಿದ ಅಂತ ಇಲ್ಲ. ಎರಡು ವರ್ಷ ಹಾಗೇ ಹೋಗುತ್ತದೆ. ಆ ಎರಡು ವರ್ಷ ಅಬ್ಷಾಲೋಮ ಒಳಗೊಳಗೇ ಬೇಯುತ್ತಾನೆ. ಕೊನೆಗೆ ಅಮ್ನೋನನನ್ನು ಕೊಲ್ಲಿಸಿ ಗೆಷೂರು ಎಂಬ ಬೇರೆ ರಾಜ್ಯಕ್ಕೆ ಓಡಿಹೋಗುತ್ತಾನೆ. ಅಲ್ಲಿ ಮೂರು ವರ್ಷ.

ಆಮೇಲೆ ಸೇನಾಪತಿ ಯೋವಾಬನ ಪ್ರಯತ್ನದಿಂದ ದಾವೀದನು ಅವನನ್ನು ವಾಪಸು ಕರೆಸಿಕೊಳ್ಳುತ್ತಾನೆ. ಆದರೆ ಒಂದು ಷರತ್ತು ಹಾಕುತ್ತಾನೆ. ಅವನು ತನ್ನ ಮನೆಗೆ ಹೋಗಲಿ, ನನ್ನ ಮುಖ ನೋಡಬಾರದು. 14:28ರಲ್ಲಿ ಇದೆ ನೋಡಿ, ಅಬ್ಷಾಲೋಮ ಪೂರ್ತಿ ಎರಡು ವರ್ಷ ಯೆರೂಸಲೇಮಿನಲ್ಲಿದ್ದರೂ ರಾಜನ ಮುಖ ನೋಡಲಿಲ್ಲ.

ಮಗ ಊರಿಗೆ ಬಂದ, ಅಪ್ಪನ ಹತ್ತಿರ ಬರಲಿಲ್ಲ. ದಾವೀದನೂ ಆ ಎರಡು ವರ್ಷ ನಿಮ್ಮ ಹಾಗೇ ಸಮಾಧಾನ ಮಾಡಿಕೊಂಡಿರಬಹುದು, ಹೇಗಿದ್ದರೂ ಊರಲ್ಲೇ ಇದ್ದಾನಲ್ಲ ಅಂತ.

ಬೇಸತ್ತ ಅಬ್ಷಾಲೋಮ ಏನು ಮಾಡಿದ ಗೊತ್ತಲ್ವಾ? ಎರಡು ಸಲ ಹೇಳಿ ಕಳಿಸಿದರೂ ಯೋವಾಬ ಬರಲಿಲ್ಲ. ಆಗ ಅವನ ಜವೆಗೋದಿಯ ಹೊಲಕ್ಕೆ ಬೆಂಕಿ ಹಚ್ಚಿಸಿದ. ಯೋವಾಬ ಓಡಿ ಬಂದ. ಮಕ್ಕಳು ಬಾಗಿಲು ಬಡಿಯುವುದು, ಪ್ರಾರ್ಥನೆಯ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು, ಬೇಕಂತಲೇ ತಡವಾಗಿ ಬರುವುದು, ಇವನ್ನೆಲ್ಲ ನೀವು ಪತ್ರದಲ್ಲಿ ಅವಿಧೇಯತೆ ಎಂದು ಬರೆದಿದ್ದೀರಿ. ಇರಬಹುದು. ಆದರೆ ಎರಡು ಸಲ ಕರೆದರೂ ಯಾರೂ ಬಾರದಿದ್ದಾಗ ಹಚ್ಚಿದ ಬೆಂಕಿಯೂ ಅದರಲ್ಲಿ ಸ್ವಲ್ಪ ಇರಬಹುದು.

ಕೊನೆಗೆ ಅಪ್ಪ ಮಗ ಎದುರಾಗುತ್ತಾರೆ. 14:33. ಅಬ್ಷಾಲೋಮ ರಾಜನ ಮುಂದೆ ಅಡ್ಡಬೀಳುತ್ತಾನೆ, ರಾಜನು ಅಬ್ಷಾಲೋಮನಿಗೆ ಮುದ್ದಿಡುತ್ತಾನೆ. ಆ ವಚನದಲ್ಲಿ "ರಾಜ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. "ತಂದೆ" ಅನ್ನುವ ಮಾತು ಒಂದು ಸಲವೂ ಇಲ್ಲ. ಅವರು ಏನು ಮಾತಾಡಿದರು ಅಂತಲೂ ಇಲ್ಲ. ಐದು ವರ್ಷದ ದೂರಕ್ಕೆ ಒಂದು ಮುದ್ದು, ಮುಗಿಯಿತು. ಮುಂದಿನ ಅಧ್ಯಾಯದಲ್ಲೇ ಅಬ್ಷಾಲೋಮ ಊರಬಾಗಿಲಲ್ಲಿ ನಿಂತು ನ್ಯಾಯಕ್ಕಾಗಿ ಬಂದ ಜನರಿಗೆ ಹೇಳುತ್ತಾನೆ, ನಿಮ್ಮ ವ್ಯಾಜ್ಯ ಸರಿಯಾದದ್ದೇ, ಆದರೆ ಕೇಳುವುದಕ್ಕೆ ರಾಜನ ಕಡೆಯಿಂದ ಯಾರೂ ಇಲ್ಲ. ಅದು ರಾಜದ್ರೋಹದ ಮಾತು, ಒಪ್ಪುತ್ತೇನೆ. ಆದರೆ ಆ ಸುಳ್ಳನ್ನು ಅವನು ಎಲ್ಲಿಂದ ಕಲಿತ? ಅರಮನೆಯಲ್ಲಿ ತನ್ನ ಮಾತು ಕೇಳಲು ಯಾರೂ ಇರಲಿಲ್ಲ ಎಂಬ ನೋವು ಅದರೊಳಗೆ ಇದೆ ಅಂತ ನನಗೆ ಪ್ರತಿ ಸಲ ಓದುವಾಗಲೂ ಅನಿಸುತ್ತದೆ.

ಆಮೇಲೆ ಅಬ್ಷಾಲೋಮ ಅಪ್ಪನ ವಿರುದ್ಧವೇ ದಂಗೆಯೇಳುತ್ತಾನೆ. ಆ ಯುದ್ಧದಲ್ಲಿ ಅವನು ಸತ್ತ ಸುದ್ದಿ ಬಂದಾಗ ದಾವೀದ ಬಾಗಿಲ ಮೇಲಿನ ಕೋಣೆಗೆ ಹತ್ತುತ್ತಾ ಅಳುತ್ತಾನೆ. 18:33. ಒಂದೇ ವಚನದಲ್ಲಿ ಐದು ಸಲ "ನನ್ನ ಮಗನೇ" ಅನ್ನುತ್ತಾನೆ. ನಿನಗೆ ಬದಲಾಗಿ ನಾನೇ ಸತ್ತಿದ್ದರೆ ಅನ್ನುತ್ತಾನೆ. ಅಪ್ಪನೊಬ್ಬ ಆಡಬಹುದಾದ ಅತಿ ದೊಡ್ಡ ಪ್ರೀತಿಯ ಮಾತು ಅದು. ಆ ಪ್ರೀತಿ ಆ ಎರಡು ವರ್ಷವೂ ಅವನೊಳಗೆ ಇತ್ತು. ಕೇಳಬೇಕಾದ ಕಿವಿಗೆ ಮಾತ್ರ ಬೀಳಲಿಲ್ಲ.

ಸಹೋದರರೇ, ನಿಮ್ಮ ಪತ್ರದ ಮೂರನೇ ಪುಟ ಪೂರ್ತಿ ನಿಮ್ಮ ಮಗನ ಮೇಲಿನ ಪ್ರೀತಿ. ಅವನು ಚಿಕ್ಕವನಿದ್ದಾಗ ಜ್ವರ ಬಂದ ರಾತ್ರಿ, ಅವನು ಮೊದಲು ಕಲಿತ ಕೀರ್ತನೆ, ಎಲ್ಲವನ್ನೂ ಬರೆದಿದ್ದೀರಿ. ಯಾವತ್ತೂ ನೋಡದ ಸಂಪಾದಕನಿಗೆ ಬರೆದಿದ್ದೀರಿ. ಅವನಿಗೆ ಇದು ಗೊತ್ತಾ?

ದಾವೀದನ ಇನ್ನೊಬ್ಬ ಮಗನ ಬಗ್ಗೆಯೂ ಒಂದು ಸಾಲು ಇದೆ. 1 ಅರಸು 1:6. ಅದೋನೀಯನಿಗೆ ಅವನ ಅಪ್ಪ ಒಂದು ದಿನವೂ "ನೀನು ಯಾಕೆ ಹೀಗೆ ಮಾಡಿದೆ" ಎಂದು ಕೇಳಿ ಬೇಸರಪಡಿಸಿರಲಿಲ್ಲ. ಸಾಮಾನ್ಯವಾಗಿ ಇದನ್ನು ಮುದ್ದು ಮಾಡಿ ಕೆಡಿಸಿದ್ದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಸರಿ. ಆದರೆ ನನಗೆ ಅಲ್ಲಿ ಕಾಣುವುದು ಕೇಳದೇ ಉಳಿದ ಒಂದು "ಯಾಕೆ". ನಿಮ್ಮ ಪತ್ರವನ್ನು ಮತ್ತೆ ಓದಿದೆ. ಮಗ ಆರಾಧನೆಗೆ ಬರುವುದಿಲ್ಲ ಎಂದ, ನೀವು ಹೊಡೆದಿರಿ, ಆಮೇಲೆ ಮೌನ. ಯಾಕೆ ಬರುವುದಿಲ್ಲ ಅಂತ ನೀವು ಕೇಳಿದ್ದು ಎಲ್ಲೂ ಇಲ್ಲ. ಸಭೆಯಲ್ಲಿ ಯಾರಾದರೂ ಅವನನ್ನು ನೋಯಿಸಿರಬಹುದು. ನಂಬಿಕೆಯ ಬಗ್ಗೆ ಒಂದು ಪ್ರಶ್ನೆ ಅವನನ್ನು ಕೊರೆಯುತ್ತಿರಬಹುದು. ಯಾವುದೋ ಪಾಪ ಮುಚ್ಚಿಟ್ಟುಕೊಂಡು ಒಳಗೆ ಹೋಗಲು ನಾಚಿಕೆಯಾಗಿರಬಹುದು. ಅಥವಾ ಅವನು ಹೇಳಿದ್ದೇ ಕಾರಣವಾಗಿರಬಹುದು.

ಈಗ ನಿಮ್ಮ ಮರ್ಯಾದೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು.

ನನ್ನ ಮಗಳಿಗೆ 11 ವರ್ಷ ಇದ್ದಾಗ ಪತ್ರಿಕೆಗೆ ಹೋಗಬೇಕಾದ ಒಂದು ಹಸ್ತಪ್ರತಿ ಮೇಜಿನಿಂದ ಕಾಣೆಯಾಯಿತು. ಅವಳು ಮೇಜಿನ ಹತ್ತಿರ ಆಡುತ್ತಿದ್ದಳು. ನಾನು ಕೂಗಾಡಿದೆ. ಅವಳು ಮುಟ್ಟಿಲ್ಲ ಎಂದಳು. ಸುಳ್ಳು ಬೇರೆ ಹೇಳುತ್ತೀಯಾ ಎಂದು ಇನ್ನೂ ಜಾಸ್ತಿ ಕೂಗಾಡಿದೆ. ಸಂಜೆ ಹಸ್ತಪ್ರತಿ ನನ್ನದೇ ಬ್ಯಾಗಿನಲ್ಲಿ ಸಿಕ್ಕಿತು. ನಾನು ಯಾರಿಗೂ ಹೇಳಲಿಲ್ಲ. ರಾತ್ರಿ ಎಂದಿನಂತೆ ಕುಟುಂಬ ಪ್ರಾರ್ಥನೆ ನಡೆಸಿದೆ. ವಾಕ್ಯ ಓದಿದೆ, ಉದ್ದವಾಗಿ ಪ್ರಾರ್ಥಿಸಿದೆ. ಮುಗಿದಾಗ ಅವಳು ಆಮೆನ್ ಹೇಳಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳ ಪಕ್ಕ ಕೂತು, ತಪ್ಪು ನನ್ನದು, ಹಾಳೆಗಳು ನನ್ನ ಬ್ಯಾಗಿನಲ್ಲೇ ಇದ್ದವು, ನಿನ್ನನ್ನು ಸುಳ್ಳುಗಾತಿ ಅಂದೆ, ಕ್ಷಮಿಸು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದಳು. "ಪ್ರಾರ್ಥನೆಗೆ ಮುಂಚೆನೇ ಸಿಕ್ಕಿತ್ತಾ ಅಪ್ಪಾ?"

ಹೌದು ಎಂದೆ. ನನ್ನ ಜೀವನದಲ್ಲಿ ಹೇಳಿದ ಅತಿ ಕಷ್ಟದ "ಹೌದು" ಅದು. ಕೂಗಾಡಿದ್ದನ್ನು ಅವಳು ಆಗಲೇ ಬಿಟ್ಟಿದ್ದಳು. ಗೊತ್ತಿದ್ದೂ ಪ್ರಾರ್ಥಿಸಿದ್ದು ಅವಳಿಗೆ ಚುಚ್ಚಿತ್ತು.

ನಿಮ್ಮ ಮಗನ ಮಾತು ಓದಿದಾಗ ನನಗೆ ನೆನಪಾದದ್ದು ಅದೇ. ಸಭೆಯಲ್ಲಿ ಒಬ್ಬರು, ಮನೆಯಲ್ಲಿ ಇನ್ನೊಬ್ಬರು. ಅವನು ತಪ್ಪೇ ಮಾಡದ ಅಪ್ಪನನ್ನು ಕೇಳುತ್ತಿಲ್ಲ. ಹಾಗೆ ಕೇಳುವ ಮಕ್ಕಳನ್ನು ನಾನು ನೋಡಿಲ್ಲ. ನಮ್ಮ ತಪ್ಪುಗಳೊಂದಿಗೇ ಅವರು ಬೆಳೆದವರು, ನಮಗಿಂತ ಚೆನ್ನಾಗಿ ಅವರಿಗೆ ಅವು ಗೊತ್ತು. ತಪ್ಪು ಮಾಡಿದ ಮೇಲೆ ಅಪ್ಪ ಎಲ್ಲಿಗೆ ಹೋಗುತ್ತಾನೆ ಅಂತ ನೋಡುತ್ತಾರೆ. ಪಶ್ಚಾತ್ತಾಪ ಅಂದರೆ ಏನು ಅಂತ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಾರೆ. ಅದು ಹೇಗಿರುತ್ತದೆ, ಹೇಳುವಾಗ ಗಂಟಲು ಹೇಗೆ ಕಟ್ಟುತ್ತದೆ ಅಂತ ಮನೆಯಲ್ಲೇ ನೋಡಬೇಕು. ದಾವೀದ 51ನೇ ಕೀರ್ತನೆಯಲ್ಲಿ ದೇವರ ಮುಂದೆ ಮನಸ್ಸು ಒಡೆದು ಅತ್ತ. ಅದು ಇಸ್ರಾಯೇಲಿಗೆಲ್ಲ ಹಾಡಾಯಿತು. ತನ್ನ ಮಕ್ಕಳ ಮುಂದೆ ಅವನು ಒಮ್ಮೆಯಾದರೂ ಹಾಗೆ ಕೂತಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮರ್ಯಾದೆ ಹೋಗುತ್ತದಾ ಎಂದು ಕೇಳಿದಿರಿ. ಎಫೆಸ 6:4 ಬರೆದ ಕಾಲವನ್ನು ಸ್ವಲ್ಪ ನೋಡಿ. ರೋಮನ್ ಕಾನೂನಿನಲ್ಲಿ ಮಗನಿಗೆ ಎಷ್ಟೇ ವಯಸ್ಸಾದರೂ, ಅಪ್ಪನೇ ಬಿಡುಗಡೆ ಮಾಡದ ಹೊರತು, ಅಪ್ಪ ಬದುಕಿರುವವರೆಗೂ ಅವನು ಅಪ್ಪನ ಅಧಿಕಾರದ ಕೆಳಗೇ ಇರಬೇಕಿತ್ತು. ಆಸ್ತಿಯೂ ಅವನ ಸ್ವಂತದ್ದಾಗುತ್ತಿರಲಿಲ್ಲ. ಅಪ್ಪನ ಅಧಿಕಾರಕ್ಕೆ ಅಂಥ ಬಲ ಇದ್ದ ಲೋಕದಲ್ಲಿ ಪೌಲನು ತಂದೆಗಳಿಗೆ ಹೇಳುವ ಮೊದಲ ಮಾತು ಏನು? ಮಕ್ಕಳಿಗೆ ಕೋಪ ಎಬ್ಬಿಸಬೇಡಿ. ಶಿಕ್ಷಣ, ಉಪದೇಶ ಎಲ್ಲ ಆಮೇಲೆ. ಕೊಲೊಸ್ಸೆ 3:21ರಲ್ಲಿ ಕಾರಣವನ್ನೂ ಕೊಡುತ್ತಾನೆ, ಮಕ್ಕಳ ಮನಸ್ಸು ಕುಗ್ಗಬಾರದು ಅಂತ. ಅಪ್ಪನ ಮಾನದ ಬಗ್ಗೆ ಅವನಿಗೆ ಚಿಂತೆ ಇಲ್ಲ. ಮಗುವಿನ ಮನಸ್ಸಿನ ಬಗ್ಗೆ ಇದೆ.

ಯೇಸು ಸ್ವಾಮಿ ಲೂಕ 15ರಲ್ಲಿ ಹೇಳಿದ ಅಪ್ಪನನ್ನೂ ನೋಡಿ. ಕಿರಿಯ ಮಗ ಇನ್ನೂ ದೂರದಲ್ಲಿರುವಾಗಲೇ ಅವನು ಓಡುತ್ತಾನೆ. ಮಗ ಸಿದ್ಧಮಾಡಿಕೊಂಡು ಬಂದ ಮಾತು ಪೂರ್ತಿ ಮುಗಿಯುವ ಮುಂಚೆಯೇ ಆಳುಗಳನ್ನು ಕರೆಯುತ್ತಾನೆ. ನಾವು ಅಲ್ಲಿಗೇ ಕಥೆ ನಿಲ್ಲಿಸಿಬಿಡುತ್ತೇವೆ. ಹಿರಿಯ ಮಗ ಸಿಟ್ಟಿನಿಂದ ಒಳಗೆ ಬರಲು ಒಪ್ಪದಿದ್ದಾಗಲೂ ಅದೇ ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಒಳಗೆ ಅತಿಥಿಗಳಿದ್ದಾರೆ, ಹಬ್ಬ ನಡೆಯುತ್ತಿದೆ, ಯಜಮಾನ ಅಂಗಳದಲ್ಲಿ ನಿಂತು ಮಗನನ್ನು ಬೇಡುತ್ತಿದ್ದಾನೆ. ಮಗ ಏರುದನಿಯಲ್ಲಿ ದೂರುತ್ತಾನೆ. ಅಪ್ಪ ಕೇಳಿಸಿಕೊಂಡು "ಮಗನೇ" ಅನ್ನುತ್ತಾನೆ. ಆ ಅಪ್ಪ ತಪ್ಪೇ ಮಾಡಿರಲಿಲ್ಲ, ಆದರೂ ಹೊರಗೆ ಬಂದ. ನೀವೂ ನಾನೂ ತಪ್ಪು ಮಾಡಿದವರು.

ನಿಮ್ಮ ಅಪ್ಪನ ವಿಷಯ. ಇದನ್ನು ನೀವು ಕೊನೆಯ ಪುಟದಲ್ಲಿ ಐದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಕೈಬರಹವೂ ಅಲ್ಲಿ ಚಿಕ್ಕದಾಗಿದೆ.

ಕ್ರೈಸ್ತ ಸಭೆಯ ಸುಧಾರಕ ಮಾರ್ಟಿನ್ ಲೂಥರನ ಅಪ್ಪ ಹಾನ್ಸ್ ಕೂಡ ಕಠಿಣ ಮನುಷ್ಯ. ಒಮ್ಮೆ ಅಪ್ಪ ಎಷ್ಟು ಹೊಡೆದ ಅಂದರೆ ತಾನು ಓಡಿಹೋದೆ, ಅಪ್ಪ ಮತ್ತೆ ಕಷ್ಟಪಟ್ಟು ಒಲಿಸಿಕೊಳ್ಳುವವರೆಗೆ ಅವನ ಮೇಲೆ ಕಹಿ ಇತ್ತು ಎಂದು ಲೂಥರ್ ದೊಡ್ಡವನಾದ ಮೇಲೆ ಹೇಳಿಕೊಂಡಿದ್ದಾನೆ. ಮಗ ಸನ್ಯಾಸಿಗಳ ಮಠ ಸೇರಿದಾಗ ಅಪ್ಪ ಕೆಂಡವಾಗಿದ್ದ. 1530ರಲ್ಲಿ ಲೂಥರ್ ಕೋಬುರ್ಗ್ ಕೋಟೆಯಲ್ಲಿದ್ದಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಅವನು ಕೀರ್ತನೆಗಳ ಪುಸ್ತಕ ತೆಗೆದುಕೊಂಡು ಕೋಣೆಗೆ ಹೋಗಿ ತುಂಬ ಅತ್ತ. ಎರಡು ವಾರವಷ್ಟೇ ಕಳೆದಿತ್ತು, ಅದೇ ಕೋಟೆಯಿಂದ ತನ್ನ 4 ವರ್ಷದ ಮಗನಿಗೆ ಒಂದು ಪತ್ರ ಬರೆದ. ಒಂದು ಚೆಂದದ ತೋಟ ಇದೆ, ಅಲ್ಲಿ ಮಕ್ಕಳು ಸೇಬು ಆರಿಸುತ್ತಾರೆ, ಬಂಗಾರದ ಕಡಿವಾಣದ ಪುಟ್ಟ ಕುದುರೆಗಳಿವೆ, ಪೀಪಿ ಇದೆ, ತಮಟೆ ಇದೆ, ಪ್ರಾರ್ಥಿಸಿ ಓದಿ ಒಳ್ಳೆಯವನಾಗಿದ್ದರೆ ನೀನೂ ಬರಬಹುದು ಅಂತ. ಆ ಮಗುವಿನ ಹೆಸರೂ ಹಾನ್ಸ್, ಅಜ್ಜನದೇ ಹೆಸರು.

ನಾನು ಈ ಎರಡು ವಾರಗಳ ಬಗ್ಗೆ ತುಂಬ ಯೋಚಿಸಿದ್ದೇನೆ. ಹೊಡೆಸಿಕೊಂಡ ಮಗ ಅಪ್ಪನಿಗಾಗಿ ಅತ್ತು, ಅದೇ ಹೆಸರಿನ ಮಗುವಿಗೆ ತೋಟದ ಕಥೆ ಹೇಳುತ್ತಾನೆ. ಲೂಥರನಲ್ಲೂ ಸಿಟ್ಟು ಇತ್ತು, ಅವನ ಬರಹದಲ್ಲೇ ಬೇಕಾದಷ್ಟು ಕಾಣುತ್ತದೆ. ಅಪ್ಪನಿಂದ ಬಂದದ್ದು ಪೂರ್ತಿ ಹೋಗಿರಲಿಲ್ಲ. ಆದರೆ ಬಂದದ್ದನ್ನೆಲ್ಲ ಮಗುವಿಗೆ ದಾಟಿಸಲೇಬೇಕು ಅಂತ ಇರಲಿಲ್ಲ. ಅವನ ಅಪ್ಪನೂ ಹೊಡೆದು ಸುಮ್ಮನಾಗಲಿಲ್ಲ ನೋಡಿ. ಮಗನನ್ನು ಮತ್ತೆ ಒಲಿಸಿಕೊಳ್ಳಲು ಕಷ್ಟಪಟ್ಟ. ನಿಮ್ಮ ಅಪ್ಪ ಹಾಗೆ ಮಾಡಿದ್ದರೆ ಅಂತ ನಿಮಗೆ ಅನಿಸುವುದಿಲ್ಲವೇ? ನಿಮ್ಮ ಮಗನಿಗೂ ಈಗ ಅದೇ ಬೇಕಾಗಿದೆ.

ಯೆಹೆಜ್ಕೇಲ 18ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆಯನ್ನು ಇನ್ನು ಯಾರೂ ಹೇಳಬಾರದು ಎಂದು ದೇವರು ಅಲ್ಲಿ ಖಂಡಿತವಾಗಿ ಹೇಳುತ್ತಾರೆ. ಯೆಹೂದದ ಅರಸರ ಪಟ್ಟಿಯೂ ಅದನ್ನೇ ತೋರಿಸುತ್ತದೆ. ಕೆಟ್ಟ ಆಹಾಜನಿಗೆ ಒಳ್ಳೆಯ ಹಿಜ್ಕೀಯ ಮಗ. ಒಳ್ಳೆಯ ಹಿಜ್ಕೀಯನಿಗೆ ಕೆಟ್ಟ ಮನಸ್ಸೆ ಮಗ. ಮನಸ್ಸೆ ಕೊನೆಗಾಲದಲ್ಲಿ ದೇವರ ಮುಂದೆ ತಗ್ಗಿಸಿಕೊಂಡ, ಆದರೆ ಅವನ ಮಗ ಆಮೋನ ಅಪ್ಪನ ಹಳೆಯ ದಾರಿ ಹಿಡಿದ, ಅಪ್ಪನಂತೆ ತಗ್ಗಿಸಿಕೊಳ್ಳಲಿಲ್ಲ ಎಂದು 2 ಪೂರ್ವಕಾಲ 33ರಲ್ಲಿದೆ. ಆ ಆಮೋನನ ಮಗ ಯೋಷೀಯ, 8ನೇ ವಯಸ್ಸಿಗೆ ಅರಸನಾಗಿ ದೇವರನ್ನು ಹುಡುಕಿದವನು.

ಇದರಲ್ಲೇ ನಿಮ್ಮ ಮೊದಲನೇ ಪ್ರಶ್ನೆಗೂ ಉತ್ತರ ಇದೆ. ನಡೆಯಬೇಕಾದ ದಾರಿಯನ್ನು ಮಗುವಿಗೆ ಕಲಿಸು, ಮುಪ್ಪಿನಲ್ಲೂ ಅದನ್ನು ಬಿಡುವುದಿಲ್ಲ ಎಂಬ ಜ್ಞಾನೋಕ್ತಿ 22:6 ಗಾದೆಯ ಮಾತು. ಸಾಮಾನ್ಯವಾಗಿ ಲೋಕ ಹೇಗೆ ನಡೆಯುತ್ತದೆ ಎಂದು ಹೇಳುತ್ತದೆ. ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತದೆ ಅಂತಲೂ ಅದೇ ಪುಸ್ತಕ ಹೇಳುತ್ತದೆ. ಮಹಾಯಾಜಕನ ಮುಂದೆ ಯೇಸು ಸ್ವಾಮಿ ಸಮಾಧಾನವಾಗಿಯೇ ಉತ್ತರಿಸಿದರು, ಆದರೂ ಪೆಟ್ಟು ಬಿತ್ತು. ಹಾಗಾಗಿ ಆ ವಾಕ್ಯವನ್ನು ಹಿಡಿದು ದೇವರ ಹತ್ತಿರ ಲೆಕ್ಕ ಕೇಳಬೇಡಿ, ನಿಮ್ಮನ್ನೂ ಹೊಡೆದುಕೊಳ್ಳಬೇಡಿ. ನೀವು ಕಲಿಸಿದ ವಾಕ್ಯಗಳು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಪೌಲನ ಶಿಷ್ಯ ತಿಮೊಥೆಯ ಚಿಕ್ಕಂದಿನಿಂದ ಕಲಿತ ಪವಿತ್ರ ಬರಹಗಳು ಅವನೊಳಗೆ ಉಳಿದವು. ಅವನಲ್ಲಿದ್ದ ನಂಬಿಕೆ ಅಜ್ಜಿ ಲೋವಿ ಮತ್ತು ಅಮ್ಮ ಯೂನಿಕೆಯಲ್ಲಿ ಮೊದಲು ಇತ್ತು ಎಂದು ಪೌಲ ನೆನೆಯುತ್ತಾನೆ. ಅವನ ಅಪ್ಪನ ಬಗ್ಗೆ ಸತ್ಯವೇದ ಹೇಳುವುದು ಗ್ರೀಕನಾಗಿದ್ದ ಅಂತ ಮಾತ್ರ. ಅಪ್ಪ ಇಲ್ಲದ ಜಾಗದಲ್ಲೂ ದೇವರು ಕೆಲಸ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಈ ಎಂಟು ತಿಂಗಳು ಸುಮ್ನೆ ಕೂತಿಲ್ಲ ಅಂತ ನನಗೆ ಗೊತ್ತಾಗುತ್ತದೆ. ಆಕೆಯ ಮಾತು ಕೇಳಿ.

ಹಾಗಾದರೆ ಏನು ಮಾಡಬೇಕು? ಅವನ ಕೋಣೆಯ ಬಾಗಿಲು ತಟ್ಟಿ. ಒಳಗೆ ಬಾ ಅಂದರೆ ಮಾತ್ರ ಹೋಗಿ. ನಿಂತು ಮಾತಾಡಬೇಡಿ, ಕೂತುಕೊಳ್ಳಿ. "ಆವತ್ತು ನಿನ್ನನ್ನು ಹೊಡೆದದ್ದು ತಪ್ಪು. ನೀನು ಹೇಳಿದ ಮಾತು ನಿಜ. ಎಂಟು ತಿಂಗಳು ಮಾತಾಡದೇ ಇದ್ದದ್ದು ಇನ್ನೂ ದೊಡ್ಡ ತಪ್ಪು. ನನ್ನನ್ನು ಕ್ಷಮಿಸು." ಇಷ್ಟೇ. "ಆದರೆ ನೀನೂ" ಅಂತ ಒಂದು ಪದವೂ ಸೇರಿಸಬೇಡಿ. ಭಾನುವಾರ ಬರುತ್ತೀಯಾ ಅಂತ ಆ ದಿನ ಕೇಳಬೇಡಿ. ಕೇಳಿದರೆ ಕ್ಷಮೆ ಬೇಡಿದ್ದು ಅದಕ್ಕೇ ಅಂತ ಅವನಿಗೆ ಅನಿಸುತ್ತದೆ. ಅವನು ಏನೂ ಹೇಳದೇ ಇರಬಹುದು. ಎಂಟು ತಿಂಗಳು ಕಾದವನು ಎಂಟು ನಿಮಿಷದಲ್ಲಿ ಕರಗಲೇಬೇಕು ಅಂತೇನಿಲ್ಲ. ಎದ್ದು ಬನ್ನಿ. ಮರುದಿನ ಮಾಮೂಲಿನಂತೆ ಮಾತಾಡಿ, ಅವನು ಉತ್ತರ ಕೊಡಲಿ ಬಿಡಲಿ. ಫೀಸಿನ ವಿಷಯ ಇನ್ನು ಮೇಲೆ ನೀವೇ ನೇರವಾಗಿ ಕೇಳಿ.

"ಯಾಕೆ" ಅನ್ನುವ ಪ್ರಶ್ನೆ ಆಮೇಲೆ, ಅವನು ತಯಾರಾದಾಗ. ಕೇಳಿದ ಮೇಲೆ ಪೂರ್ತಿ ಕೇಳಿಸಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಅವನನ್ನು ಎಳೆದುಕೊಂಡು ಆರಾಧನೆಗೆ ಹೋಗಬೇಡಿ. ಮನೆಯ ಪ್ರಾರ್ಥನೆಯನ್ನೂ ನಿಲ್ಲಿಸಬೇಡಿ, ಆದರೆ ಚಿಕ್ಕದು ಮಾಡಿ, ಅದರಲ್ಲಿ ನಿಮ್ಮ ತಪ್ಪು ಒಪ್ಪಿಕೊಳ್ಳುವ ಒಂದು ಸಾಲಾದರೂ ಇರಲಿ. ಧರ್ಮೋಪದೇಶಕಾಂಡ 6ರಲ್ಲಿ ಮಕ್ಕಳಿಗೆ ಕಲಿಸಿ ಎಂದು ಹೇಳುವ ಮುಂಚೆ, ಈ ಮಾತುಗಳು ನಿನ್ನ ಹೃದಯದಲ್ಲಿ ಇರಲಿ ಎಂದಿದೆ. ಆಮೇಲೆ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಇವು ಮಾಮೂಲಿ ದಿನದ ಹೊತ್ತುಗಳು. ನಿಮ್ಮಿಬ್ಬರ ನಡುವೆ ಈಗ ಇಲ್ಲದ್ದು ಅವೇ.

ಯೇಸು ಸ್ವಾಮಿ ಗೆತ್ಸೇಮನೆಯಲ್ಲಿ ಪ್ರಾರ್ಥಿಸುವಾಗ ದೇವರನ್ನು "ಅಬ್ಬಾ" ಎಂದು ಕರೆದರು. ಹೊಸ ಒಡಂಬಡಿಕೆಯಲ್ಲಿ ಆ ಅರಮಾಯ ಪದ ಮೂರೇ ಕಡೆ ಬರುತ್ತದೆ. ಅದು ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ ನೋಡಿ. ನಮ್ಮ ಮಕ್ಕಳು ದೇವರನ್ನು ಆ ಪದದಿಂದ ಕರೆಯುವಾಗ ಅವರ ಮನಸ್ಸಿಗೆ ಮೊದಲು ಬರುವುದು ನಮ್ಮ ಮುಖ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಪತ್ರದ ಕೊನೆಯಲ್ಲಿ "ನನ್ನ ಮಗನಿಗಾಗಿ ಪ್ರಾರ್ಥಿಸಿ" ಎಂದು ಬರೆದಿದ್ದೀರಿ. ಮೂರು ವಾರದಿಂದ ಪ್ರಾರ್ಥಿಸುತ್ತಿದ್ದೇನೆ. ನಾಲ್ಕು ಪುಟದಲ್ಲಿ ಎಲ್ಲೂ ಅವನ ಹೆಸರು ಬರೆದಿಲ್ಲ ನೀವು. ಪ್ರಕಟಿಸುವುದಿಲ್ಲ, ಮುಂದಿನ ಪತ್ರದಲ್ಲಿ ಬರೆಯಿರಿ. ಆದರೆ ಅದಕ್ಕಿಂತ ಮುಂಚೆ, ಇವತ್ತು ರಾತ್ರಿ, ಆ ಹೆಸರು ಹಿಡಿದು ಅವನನ್ನು ಒಮ್ಮೆ ಕರೆಯಿರಿ.

ಕರ್ತನಲ್ಲಿ ನಿಮ್ಮ,
ಸಂಪಾದಕ